ಹವಾಯಿ ಚಪ್ಪಲಿಗೆ ಕ್ಲೀಟ್ ಪೆಡಲ್

ದಾವಣಗೆರೆಯಲ್ಲಿ ಬೆಳಗ್ಗೆ ಸೈಕಲ್ ಹೊಡೆದು ಬಂದವರು ಕೊನೆಗೆ ನಿಲ್ಲುವುದು ಬೆಣ್ಣೆದೋಸೆ ಹೋಟೆಲಿನ ಮುಂದೆಯೇ. ಆ ಭಾನುವಾರವೂ ಹಾಗೇ ಆಯಿತು. ಕೊಂಡಜ್ಜಿ ಕೆರೆವರೆಗೆ ಹೋಗಿ ಬಂದು, ಸೈಕಲ್ಲನ್ನು ಗೋಡೆಗೆ ಒರಗಿಸಿ, ಕೈ ತೊಳೆಯಲು ಒಳಗೆ ಹೋದೆ. ಆಗಷ್ಟೇ ನೆಲ ಒರೆಸಿದ್ದರು. ಶೂ ಅಡಿಯ ಕ್ಲೀಟು ಟೈಲ್ಸ್ ಮೇಲೆ ಟಕ್ ಅಂತು. ಮುಂದಿನ ಹೆಜ್ಜೆ ಇಡುವಷ್ಟರಲ್ಲಿ ನಾನು ನೆಲದ ಮೇಲೆ ಕೂತಿದ್ದೆ. ಬಿದ್ದೆ ಅನ್ನೋದಕ್ಕಿಂತ ಕೂತೆ ಅನ್ನೋದೇ ಸರಿ, ಕೈಯಲ್ಲಿದ್ದ ಟೋಕನ್ ಕೂಡ ಬಿಟ್ಟಿರಲಿಲ್ಲ. ದೋಸೆ ತಟ್ಟೆ ಹಿಡಿದು ಬರ್ತಿದ್ದ ಹುಡುಗ ನನ್ನ ಶೂ ಅಡಿ ನೋಡಿ, "ಏನ್ ಸಾರ್, ಕಾಲಿಗೆ ಲಾಳ ಹೊಡ್ಸೀರಾ?" ಅಂದ.

ಅವನ ಮಾತು ತಪ್ಪಲ್ಲ. ಎಸ್‌ಪಿಡಿ ಅನ್ನೋದು ಶಿಮಾನೊ ಕಂಪನಿಯ ಒಂದು ಬಗೆಯ ಪೆಡಲ್. ಅದರ ಕ್ಲೀಟ್ ಅಂದರೆ ಪೆಡಲಿನ ಕೊಕ್ಕೆಗೆ ಕಚ್ಚಿಕೊಳ್ಳುವ, ಹೆಬ್ಬೆರಳಿಗಿಂತ ಚಿಕ್ಕದಾದ ಒಂದು ಉಕ್ಕಿನ ತುಂಡು. ಶೂ ಅಡಿಯಲ್ಲಿ ಒಂದು ಗುಳಿ ಇರುತ್ತದೆ, ಅದರೊಳಗೆ ಎರಡು ಬೋಲ್ಟಿನಲ್ಲಿ ಕೂರುತ್ತದೆ. ಸೋಲು ಹೊಸದಿದ್ದಾಗ ಕ್ಲೀಟು ನೆಲಕ್ಕೆ ತಾಗುವುದಿಲ್ಲ. ನನ್ನ ಶೂ ಸವೆದು ಸವೆದು ಕ್ಲೀಟು ಹೊರಗೆ ಇಣುಕುತ್ತಿತ್ತು.

ಸೈಕಲ್ ನಾನು ಕೊಂಡಿದ್ದು ಸೆಕೆಂಡ್ ಹ್ಯಾಂಡ್. ಪೆಡಲ್ ಅದರ ಜೊತೆಗೇ ಬಂತು, ಎರಡೂ ಮುಖಕ್ಕೆ ಕೊಕ್ಕೆ ಇರುವ ಶಿಮಾನೊ ಎಸ್‌ಪಿಡಿ. ಭಾನುವಾರಕ್ಕೆ ಅದು ಬಹಳ ಚೆನ್ನ. ವಾರದ ಉಳಿದ ಆರು ದಿನ ಅದೇ ಸೈಕಲ್ಲಿನಲ್ಲಿ ಮಂಡಿಪೇಟೆಗೆ ಹೋಗಬೇಕು, ಮಂಡಕ್ಕಿ ತರಬೇಕು, ಸಂಜೆ ಕುಂದುವಾಡ ಕೆರೆ ಕಡೆ ಒಂದು ಸುತ್ತು ಹಾಕಬೇಕು. ಅದಕ್ಕೆಲ್ಲ ಶೂ ಯಾರು ಹಾಕ್ತಾರೆ? ಬಾಗಿಲ ಹತ್ತಿರ ಇರುವ ಹವಾಯಿ ಚಪ್ಪಲಿಯೇ ಗತಿ. ಆ ಮೆತ್ತನೆ ರಬ್ಬರಿನಲ್ಲಿ ಬರೀ ಎಸ್‌ಪಿಡಿ ಪೆಡಲ್ ತುಳಿದು ನೋಡಿ, ಕೊಕ್ಕೆಯ ಮೂಲೆ ಪಾದಕ್ಕೆ ಒತ್ತುತ್ತದೆ. ಮಳೆ ಹನಿ ಬಿದ್ದರಂತೂ ಚಪ್ಪಲಿ ಒಂದು ಕಡೆ, ಕಾಲು ಒಂದು ಕಡೆ. ಆ ಪೆಡಲಿನ ಮೇಲೆ ಚಪ್ಪಲಿಗಾಗಿ ಒಂದು ಹಲಗೆ ಕೂರಿಸಲು ಹೊರಟ ಕಥೆ ಇದು.

ಈ ಪೆಡಲಿಗೆ ಒಂದು ಇತಿಹಾಸವಿದೆ, ಚಿಕ್ಕದಾಗಿ ಹೇಳಿಬಿಡುತ್ತೇನೆ. ಮೊದಲು ರೇಸಿನವರು ಪೆಡಲಿಗೆ ಕಬ್ಬಿಣದ ಪಂಜರ, ಅದಕ್ಕೊಂದು ಚರ್ಮದ ಪಟ್ಟಿ ಕಟ್ಟಿ ಕಾಲು ತೂರಿಸುತ್ತಿದ್ದರು. ಆ ಪಂಜರದ ಹೆಸರು ಟೋ ಕ್ಲಿಪ್. 1984ರಲ್ಲಿ ಫ್ರಾನ್ಸಿನ ಲುಕ್ ಕಂಪನಿ ಹಿಮದ ಸ್ಕೀ ಹಲಗೆಗೆ ಬೂಟು ಕಚ್ಚಿಸುವ ವಿದ್ಯೆಯನ್ನು ಸೈಕಲ್ಲಿಗೆ ತಂದಿತು. ಮರುವರ್ಷ ಬರ್ನಾರ್ಡ್ ಇನೋ ಅದೇ ಪೆಡಲ್ ತುಳಿದು ಟೂರ್ ಡಿ ಫ್ರಾನ್ಸ್ ಗೆದ್ದರು. 1990ರಲ್ಲಿ ಶಿಮಾನೊ ಎಸ್‌ಪಿಡಿ ತಂದಿತು, ನಡೆಯುವುದಕ್ಕೂ ಆಗಲಿ ಅಂತ ಕ್ಲೀಟನ್ನು ಸೋಲಿನ ಗುಳಿಯೊಳಗೆ ಇಟ್ಟಿತು. ಟೋ ಕ್ಲಿಪ್ ಇಲ್ಲದ್ದರಿಂದ ಇದಕ್ಕೆ ಕ್ಲಿಪ್‌ಲೆಸ್ ಅಂತ ಹೆಸರು. ಕಾಲು ಮಾತ್ರ ಟಕ್ ಅಂತ ಕ್ಲಿಪ್ ಆಗೇ ಆಗುತ್ತದೆ. ಹೊಸಬರಿಗೆ ಇದನ್ನು ವಿವರಿಸುವಷ್ಟರಲ್ಲಿ ದೋಸೆ ಆರಿಹೋಗುತ್ತದೆ.

ಮೊದಲು ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಶನಿವಾರ ರಾತ್ರಿ ಎಸ್‌ಪಿಡಿ ಪೆಡಲ್ ಹಾಕು, ಭಾನುವಾರ ಮಧ್ಯಾಹ್ನ ಬಿಚ್ಚಿ ಸಾದಾ ಪೆಡಲ್ ಹಾಕು. 15ರ ಪಾನಾ, ಒಂಚೂರು ಗ್ರೀಸ್. ಎಡಗಡೆ ಪೆಡಲಿನ ಥ್ರೆಡ್ ಉಲ್ಟಾ ಅನ್ನೋದು ಗೊತ್ತಿದ್ದರೂ ಪ್ರತಿ ಸಲ ಒಮ್ಮೆ ತಪ್ಪು ಕಡೆಗೇ ತಿರುಗಿಸುತ್ತಿದ್ದೆ. ಎರಡು ತಿಂಗಳಾದ ಮೇಲೆ ಭಯ ಶುರುವಾಯಿತು. ಪೆಡಲ್ ಕೂರುವ ತೋಳು, ಅಂದರೆ ಕ್ರ್ಯಾಂಕ್, ಅಲ್ಯೂಮಿನಿಯಂ. ಪೆಡಲಿನ ನಡುವಿನ ಕಡ್ಡಿ, ಅಂದರೆ ಆಕ್ಸಲ್, ಉಕ್ಕು. ವಾರಕ್ಕೆರಡು ಸಲ ಬಿಚ್ಚಿ ಹಾಕಿದರೆ ಸವೆಯುವುದು ಯಾವುದು ಅಂತ ಯಾರಾದರೂ ಹೇಳಬಹುದು.

ಕೊಂಡುಕೊಳ್ಳುವ ದಾರಿಯೂ ಇತ್ತು. ಒಂದು ಮುಖ ಚಪ್ಪಟೆ, ಇನ್ನೊಂದು ಮುಖ ಕೊಕ್ಕೆ ಇರುವ ಪೆಡಲ್ ಸಿಗುತ್ತದೆ. ನಿಜ ಹೇಳಬೇಕೆಂದರೆ ದುಡ್ಡಿದ್ದವರು ಅದನ್ನೇ ತಗೊಳ್ಳಿ, ಮುಂದೆ ಓದುವ ಕಷ್ಟವೂ ತಪ್ಪುತ್ತದೆ. ಶಿಮಾನೊದವರೇ ಎಸ್‌ಪಿಡಿ ಮೇಲೆ ಕಚ್ಚಿಸುವ ಪ್ಲಾಸ್ಟಿಕ್ ಹಲಗೆ ಮಾಡಿದ್ದಾರೆ, ಎಸ್‌ಎಂ-ಪಿಡಿ22 ಅಂತ. ಅದರ ಫೋಟೊ ನೋಡಿದಾಗ ನನಗೆ ಅನ್ನಿಸಿದ್ದು ಒಂದೇ: ಇದು ಒಂದು ಹಲಗೆ, ಅದರ ಅಡಿಗೆ ಒಂದು ಕ್ಲೀಟು. ಇಷ್ಟೇ ಅಲ್ವಾ? ನನ್ನ ಹತ್ತಿರ ಹಳೇ ಕ್ಲೀಟಿನ ಜೋಡಿ ಡಬ್ಬಿಯಲ್ಲಿ ಬಿದ್ದಿತ್ತು. ಹಲಗೆಯೂ ಇತ್ತು.

ಇಷ್ಟೇ ಅಲ್ಲ ಅಂತ ಗೊತ್ತಾಗಲು ಏಳು ವಾರ ಹಿಡಿಯಿತು.

ಮೊದಲನೆಯದು 12 ಮಿ.ಮೀ. ಪ್ಲೈವುಡ್. ಅಡುಗೆಮನೆ ಕಪಾಟು ಮಾಡಿಸಿದಾಗ ಉಳಿದ ತುಂಡು. ಕ್ರ್ಯಾಂಕಿನಿಂದ ಕ್ಲೀಟಿನ ನಡುವಿನವರೆಗೆ ಅಳೆದೆ, 54 ಮಿ.ಮೀ. ಬಂತು. ಕ್ರ್ಯಾಂಕಿಗೆ ಉಜ್ಜದಿರಲು 8 ಮಿ.ಮೀ. ಜಾಗ ಬಿಟ್ಟು, ಒಳಗಡೆ 46, ಹೊರಗಡೆ 50, ಒಟ್ಟು 96 ಅಗಲ. ಉದ್ದ 100. ಕ್ಲೀಟಿನ ಬೋಲ್ಟು ಎಂ5, ಅಂದರೆ 5 ಮಿ.ಮೀ. ದಪ್ಪದ್ದು, ಎರಡರ ನಡುವೆ 14 ಮಿ.ಮೀ. ಅಂತರ. ಪ್ಲೈಯಲ್ಲಿ ಆರಪಾರ ತೂತು ಹೊಡೆದು, ಉದ್ದನೆ ಎಂ5 ಬೋಲ್ಟ್ ಹಾಕಿ, ಮೇಲೆ ವಾಷರ್, ನಟ್. ನಟ್ಟು ಚಪ್ಪಲಿಗೆ ಚುಚ್ಚದಿರಲಿ ಅಂತ ಉಳಿಯಲ್ಲಿ ಕೆತ್ತಿ ಕೂರಿಸಿದೆ. ಎರಡು ಗಂಟೆ ಕೆಲಸ. ಪೆಡಲಿನ ಮೇಲಿಟ್ಟು ಕ್ಲೀಟಿನ ಮೂತಿ ಮುಂದಕ್ಕೆ ತೂರಿಸಿ ಅಂಗೈಯಿಂದ ಒತ್ತಿದರೆ ಟಕ್. ಏನು ಖುಷಿ ಅಂತೀರಿ.

ಅವ್ವ ಹೊರಗೆ ಬಂದು ನೋಡಿ, "ಕಾಲಿಗೆ ಮಣೆ ಕಟ್ಕೊಂಡು ಹೊಂಟೀಯೇನೋ?" ಅಂದಳು.

ಆ ಮಣೆ ಜಯದೇವ ಸರ್ಕಲ್ ತನಕ ಬಾಳಿತು. ಸಿಗ್ನಲ್ ಬಿತ್ತು, ನಿಂತೆ. ಎಡಗಾಲು ಇಳಿಸುವಾಗ ಅಭ್ಯಾಸಬಲದಿಂದ ಹಿಮ್ಮಡಿ ಹೊರಗೆ ತಿರುಗಿಸಿದೆ. ಎಸ್‌ಪಿಡಿ ಬಿಡಿಸಿಕೊಳ್ಳುವುದೇ ಹಾಗೆ. ಚಪ್ಪಲಿ ಹಲಗೆಯನ್ನು ಹಿಡಿದಿತ್ತು, ಹಲಗೆ ಕ್ಲೀಟನ್ನು ತಿರುಗಿಸಿತು, ಪೆಡಲ್ ತನ್ನ ಧರ್ಮ ಪಾಲಿಸಿ ಬಿಟ್ಟುಕೊಟ್ಟಿತು. ನಾನು ಹಸಿರು ದೀಪಕ್ಕೆ ಹೊರಟು ಹತ್ತು ಮಾರು ಹೋದ ಮೇಲೆ ಹಿಂದಿನಿಂದ ಆಟೋದವರು ಹಾರ್ನ್ ಹೊಡೆದರು. "ಸಾರ್, ನಿಮ್ ಸೈಕಲ್ದು ಏನೋ ಬಿತ್ತು ನೋಡ್ರಿ!" ಅವರ ಕೈಯಲ್ಲಿ ನನ್ನ ಹಲಗೆ. ತಿರುಗಿಸಿ ಮುರುಗಿಸಿ ನೋಡಿ, "ಏನ್ರಿ ಇದು, ಒಲೆಗೆ ಹಾಕೋದಾ?" ಅಂತ ಕೇಳಿ ಕೊಟ್ಟರು.

ಮನೆಗೆ ಬಂದು ಪೆಡಲಿನ ಟೆನ್ಷನ್, ಅಂದರೆ ಕೊಕ್ಕೆಯ ಹಿಡಿತ, ಬಿಗಿ ಮಾಡಿದೆ. ಹಿಂಭಾಗದಲ್ಲಿ 3 ಮಿ.ಮೀ. ಅಲೆನ್ ಕೀ ಹಾಕುವ ಸ್ಕ್ರೂ ಇರುತ್ತದೆ, ಗಡಿಯಾರದ ಮುಳ್ಳು ತಿರುಗುವ ಕಡೆ ತಿರುಗಿಸಿದರೆ ಬಿಗಿ. ಹಲಗೆ ಬೀಳುವುದು ಕಡಿಮೆಯಾಯಿತು, ನಿಲ್ಲಲಿಲ್ಲ. ಅದಕ್ಕಿಂತ ದೊಡ್ಡ ಅಪಾಯ ಬೇರೆಯೇ. ಭಾನುವಾರ ಶೂ ಹಾಕಿದಾಗ ಆ ಟೆನ್ಷನ್ ಮತ್ತೆ ಸಡಿಲ ಮಾಡುವುದನ್ನು ಮರೆತರೆ ಸಿಗ್ನಲ್ಲಿನಲ್ಲಿ ಕಾಲು ಬಿಡಿಸಿಕೊಳ್ಳಲಾಗದೆ ಸೈಕಲ್ ಸಮೇತ ಪಕ್ಕಕ್ಕೆ ಉರುಳುವುದೇ. ನಾನು ಮರೆಯುವ ಜಾತಿ. ಆ ದಾರಿ ಬಿಟ್ಟೆ.

ಅದೂ ಅಲ್ಲದೆ ಹಲಗೆ ಅಲುಗಾಡುತ್ತಿತ್ತು. ಪಾದದ ಹೊರ ಅಂಚಿನ ಮೇಲೆ ಭಾರ ಬಿದ್ದರೆ ಹೊರಗೆ ವಾಲುವುದು, ಒಳ ಅಂಚಿಗೆ ಬಿದ್ದರೆ ಒಳಗೆ. ಕಲ್ಲಿನ ಮೇಲೆ ಇಟ್ಟ ತಟ್ಟೆಯ ಹಾಗೆ. ಕ್ಲೀಟ್ ಸವೆದಿದೆ, ಅದಕ್ಕೇ ಅಂತ ನನ್ನ ತೀರ್ಮಾನ. ಹೊಸ ಕ್ಲೀಟ್ ಹಾಕಿ ನೋಡಿದೆ. ಅದೇ ಕಥೆ. ಒಂದು ಮಳೆಗೆ ಪ್ಲೈ ಪದರ ಪದರ ಬಿಚ್ಚಿಕೊಂಡಾಗ ಬೇಜಾರಿಗಿಂತ ಸಮಾಧಾನವೇ ಜಾಸ್ತಿ ಆಯಿತು.

ಎರಡನೆಯದಕ್ಕೆ ಲೋಹವೇ ಅಂತ ಗಟ್ಟಿ ಮಾಡಿದೆ. ಬಸ್ಸಿನ ಮೆಟ್ಟಿಲಿಗೆ ಹೊಡೆಯುವ ಅಲ್ಯೂಮಿನಿಯಂ ಚೆಕ್ಕರ್ ಶೀಟ್ ಗೊತ್ತಲ್ಲ, ಮೇಲೆ ಅಕ್ಕಿ ಕಾಳಿನ ಹಾಗೆ ಉಬ್ಬು ಇರುತ್ತದೆ, ಅದು. ಕಾಲು ಜಾರಬಾರದು ಅಂತಲೇ ಮಾಡಿದ್ದು, ನೀರಿಗೆ ಹೆದರುವುದಿಲ್ಲ, ಬರೀ 3 ಮಿ.ಮೀ. ದಪ್ಪ. ದಪ್ಪ ಕಡಿಮೆ ಇದ್ದಷ್ಟೂ ಒಳ್ಳೆಯದು. ಪಾದ ಆಕ್ಸಲ್‌ಗಿಂತ ಎತ್ತರಕ್ಕೆ ಹೋದಷ್ಟೂ ಪೆಡಲ್ ಮುಂದಕ್ಕೋ ಹಿಂದಕ್ಕೋ ಮಗುಚಲು ನೋಡುತ್ತದೆ. ಸೀಟಿನ ಎತ್ತರವೂ ಅಷ್ಟು ಕಡಿಮೆಯಾದ ಹಾಗೆ ಆಗಿ ಮಂಡಿ ಹಿಡಿಯುತ್ತದೆ. ಪ್ಲೈಯಲ್ಲಿ ಎರಡನ್ನೂ ಅನುಭವಿಸಿದ್ದೆ. ಗುಜರಿ ಅಂಗಡಿಯಲ್ಲಿ ತೂಕದ ಲೆಕ್ಕದಲ್ಲಿ ಒಂದು ತುಂಡು ಸಿಕ್ಕಿತು, 240 ರೂಪಾಯಿ. ನಾಲ್ಕು ಜೊತೆಗಾಗುವಷ್ಟು.

3 ಮಿ.ಮೀ. ಅಲ್ಯೂಮಿನಿಯಂನಲ್ಲಿ ಥ್ರೆಡ್ ನಿಲ್ಲುವುದಿಲ್ಲ. ಆದ್ದರಿಂದ ಶೀಟಿನ ಅಡಿಗೆ 5 ಮಿ.ಮೀ. ದಪ್ಪ, 25 ಮಿ.ಮೀ. ಅಗಲದ ಕಬ್ಬಿಣದ ಪಟ್ಟಿ, 50 ಮಿ.ಮೀ. ಉದ್ದಕ್ಕೆ ಕತ್ತರಿಸಿದ್ದು. ಆ ಪಟ್ಟಿಯಲ್ಲಿ ಎಂ5 ಥ್ರೆಡ್. ಕ್ಲೀಟಿನ ಜೊತೆ ಬಂದ ಮೂಲ ಬೋಲ್ಟನ್ನೇ ಅಡಿಯಿಂದ ಹಾಕಬಹುದು. ಇದು ಮುಖ್ಯ. ಆ ಬೋಲ್ಟಿನ ತಲೆ ಚಪ್ಪಟೆ, ಪೆಡಲಿಗೆ ತಾಗುವುದಿಲ್ಲ. ಪ್ಲೈಗೆ ನಾನು ಹಾಕಿದ್ದ ಅಂಗಡಿ ಬೋಲ್ಟಿನ ತಲೆ ಪೆಡಲಿನ ನಡುಭಾಗಕ್ಕೆ ಗೀರು ಹಾಕಿತ್ತು.

14 ಮಿ.ಮೀ. ಅಂತರವನ್ನು ಸ್ಕೇಲಿನಲ್ಲಿ ಗುರುತಿಸಲು ಹೋಗಬೇಡಿ. ಕ್ಲೀಟಿನ ಗುಳಿಯಲ್ಲಿ ಕೂರುವ ಪುಟ್ಟ ಚೌಕಾಕಾರದ ವಾಷರ್ ಇರುತ್ತದೆ, ಎರಡೂ ತೂತು ಇರುವುದು ಅದರಲ್ಲೇ. ಅದನ್ನೇ ಪಟ್ಟಿಯ ಮೇಲಿಟ್ಟು ಒಂದು ತೂತು ಗುರುತು ಮಾಡಿ, ಕೊರೆದು, ಥ್ರೆಡ್ ಹಾಕಿ, ಬೋಲ್ಟ್ ಬಿಗಿದು, ಆಮೇಲೆ ಎರಡನೆಯದನ್ನು ವಾಷರಿನ ಮೂಲಕವೇ ಗುರುತು ಮಾಡಿದರೆ ತಪ್ಪುವುದಿಲ್ಲ.

ತಪ್ಪಿದ್ದು ಬೇರೆ ಕಡೆ. ಮನೆಯಲ್ಲಿದ್ದ 4.5ರ ಡ್ರಿಲ್ ಬಿಟ್ಟಿನಲ್ಲಿ ಕೊರೆದು ಟ್ಯಾಪ್ ಹೊಡೆಸಲು, ಅಂದರೆ ತೂತಿನೊಳಗೆ ಥ್ರೆಡ್ ಹಾಕಿಸಲು, ಲೇತ್ ಅಂಗಡಿಗೆ ಒಯ್ದೆ. ಅಲ್ಲಿನ ಯಜಮಾನ್ರು ಪಟ್ಟಿಯನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರು.

"ಎಷ್ಟರ ಬಿಟ್ಟು?"

"ನಾಲ್ಕೂವರೆ."

"ಎಂ5ಗೆ 4.2 ಅಲ್ಲೇನ್ರೀ? ಇದರಾಗೆ ಥ್ರೆಡ್ ಅರ್ಧಾನೇ ಕೂರೋದು. ಬೋಲ್ಟ್ ಬರ್ತೈತಿ, ಬಿಗಿ ಮಾಡಿದ್ರೆ ಕಿತ್ಕೊಂಡು ಹೋಗ್ತೈತಿ. ಹೋಗ್ರಿ, ಇನ್ನೊಂದು ಪಟ್ಟಿ ತಗೊಂಡ್ ಬರ್ರಿ."

ಇನ್ನೊಂದು ಪಟ್ಟಿ ತಂದೆ. ಈ ಸಲ ಅವರೇ 4.2 ಹಾಕಿ ಕೊರೆದು, ಟ್ಯಾಪ್ ಹಿಡಿ ನನ್ನ ಕೈಗೆ ಕೊಟ್ಟು, ನೀವೇ ಹೊಡೀರಿ ಅಂದರು. ಒಂದು ಸೆಟ್ಟಿನಲ್ಲಿ ಮೂರು ಟ್ಯಾಪ್, ಮೊದಲು ಮೂತಿ ಸಣ್ಣಗಿರುವುದು. ಒಂದು ಹನಿ ಆಯಿಲ್. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಹಿಂದೆ ತಿರುಗಿಸುವಾಗ ಒಳಗೆ ಕಬ್ಬಿಣದ ಚೂರು ತುಂಡಾಗುವ ಸಣ್ಣ 'ಕಟ್' ಅಂಗೈಗೆ ಕೇಳುತ್ತದೆ, ಕಿವಿಗಲ್ಲ. ಒಮ್ಮೆ ಆ 'ಕಟ್' ಬರದೇ ಟ್ಯಾಪ್ ರಬ್ಬರಿನ ಹಾಗೆ ಎಳೆಯಿತು. "ನಿಲ್ಸ್ರಿ!" ಅಂತ ಯಜಮಾನ್ರು ಆ ಮೂಲೆಯಿಂದಲೇ ಕೂಗಿದರು. ಅವರು ಬೇರೆ ಕೆಲಸ ಮಾಡ್ತಿದ್ದರು, ನನ್ನ ಕಡೆ ನೋಡುತ್ತಲೂ ಇರಲಿಲ್ಲ. ನನ್ನ ಉಸಿರು ಕೇಳಿಸಿತೋ ಏನೋ. ಪೂರ್ತಿ ಹೊರಗೆ ತೆಗೆದು, ಚೂರು ಊದಿ, ಮತ್ತೆ ಆಯಿಲ್ ಹಾಕಿ ಶುರು ಮಾಡಿದೆ.

ಶೀಟಿಗೆ ಪಟ್ಟಿಯನ್ನು ಕೂಡಿಸಲು ಮೇಲಿನಿಂದ ತಲೆ ಶೀಟಿನೊಳಗೆ ಮುಳುಗಿ ಕೂರುವ ಎರಡು ಎಂ4 ಕೌಂಟರ್‌ಸಿಂಕ್ ಸ್ಕ್ರೂ. ಅದಕ್ಕೆ 3.3ರ ಬಿಟ್ಟು. ಎಂ5 ಹಾಕಿದರೆ ತಲೆ ಶೀಟಿನ ದಪ್ಪಕ್ಕೆ ಸರಿಸಮ ಆಗಿ ಹಿಡಿಯಲು ಲೋಹವೇ ಉಳಿಯುವುದಿಲ್ಲ. ಶೀಟಿನ ಅಂಚು ಅರದಲ್ಲಿ ಉಜ್ಜಿ ದುಂಡಗೆ ಮಾಡಿದೆ, ಸಾಕಾಗಲಿಲ್ಲ. ಸೈಕಲ್ ತಳ್ಳಿಕೊಂಡು ಹೋಗುವಾಗ ಪೆಡಲ್ ತಿರುಗಿ ಮೊಣಕಾಲ ಕೆಳಗೆ ಹೊಡೆದು ಎರಡಿಂಚು ಗೀರಿತು. ಆಟೋದ ಬಾಗಿಲಂಚಿಗೆ ಹಾಕುವ ರಬ್ಬರ್ ಬೀಡಿಂಗ್ ತಂದು ಸುತ್ತಲೂ ಕೂರಿಸಿದ ಮೇಲೆ ಆ ಭಯ ಹೋಯಿತು.

ಇಷ್ಟೆಲ್ಲ ಮಾಡಿ ಪೆಡಲಿಗೆ ಕಚ್ಚಿಸಿ ಕಾಲಿಟ್ಟರೆ, ಅದೇ ವಾಲಾಟ. ಪ್ಲೈಗಿಂತ ಒಂದು ಕೈ ಜಾಸ್ತಿಯೇ.

ಉತ್ತರ ಸಿಕ್ಕಿದ್ದು ಚಪ್ಪಲಿ ಹೊಲಿಯುವವರ ಹತ್ತಿರ. ನಾನು ಹೋಗಿದ್ದು ಭಾನುವಾರದ ಶೂ ಸೋಲು ಅಂಟಿಸಲು. ಆ ಹಲಗೆ ಚೀಲದಲ್ಲೇ ಇತ್ತು, ಅವರು ಇಕ್ಕಳ ಹುಡುಕುವಾಗ ಹೊರಗೆ ಬಂತು. ಅವರು ಶೂ ಒಂದು ಕೈಯಲ್ಲಿ, ಹಲಗೆ ಇನ್ನೊಂದು ಕೈಯಲ್ಲಿ ಹಿಡಿದು ಎರಡರ ಅಡಿಯನ್ನೂ ನೋಡಿದರು. ಎರಡರಲ್ಲೂ ಅದೇ ಕ್ಲೀಟು.

"ಇದಕ್ಕೆ ಅಟ್ಟೆ ಇಲ್ವಲ್ಲ ಸಾರ್," ಅಂದರು.

ನಾನು ಅರ್ಥವಾಗದೆ ನಿಂತೆ. ಅವರು ಶೂ ತಿರುಗಿಸಿ ಕ್ಲೀಟಿನ ಎರಡೂ ಪಕ್ಕದ ರಬ್ಬರ್ ದಿಂಡನ್ನು ಬೆರಳಲ್ಲಿ ತೋರಿಸಿದರು. ಅಲ್ಲಿ ರಬ್ಬರ್ ಹೊಳೆಯುತ್ತಿತ್ತು, ಪೆಡಲಿಗೆ ಉಜ್ಜಿ ಉಜ್ಜಿ. ಆಗ ಹೊಳೆಯಿತು. ಕ್ಲೀಟು ಕಚ್ಚಿ ಹಿಡಿಯುತ್ತದೆ, ಅಷ್ಟೇ. ಕಾಲಿನ ಭಾರ ಹೊರುವುದು, ಅಕ್ಕಪಕ್ಕ ವಾಲದಂತೆ ತಡೆಯುವುದು ಆ ರಬ್ಬರ್ ದಿಂಡು. ಅದು ಪೆಡಲಿನ ಮೈಮೇಲೆ ಎರಡೂ ಕಡೆ ಕೂತಿರುತ್ತದೆ. ನಾನು ಇಷ್ಟು ದಿನ ಪೆಡಲ್ ಮಾಡ್ತಿದ್ದೀನಿ ಅಂದುಕೊಂಡಿದ್ದೆ. ಮಾಡಬೇಕಾಗಿದ್ದು ಶೂವಿನ ಅಟ್ಟೆ. ಸವೆದ ಶೂ ತೊಟ್ಟಾಗ ಕಾಲು ಯಾಕೆ ಆಡುತ್ತಿತ್ತು ಅನ್ನುವುದಕ್ಕೂ ಅದೇ ಉತ್ತರ. ಅದಕ್ಕೂ ನಾನು ಕ್ಲೀಟನ್ನೇ ಬೈದಿದ್ದೆ.

ಈಗ ಆ ದಿಂಡು ಎಷ್ಟು ದಪ್ಪ ಇರಬೇಕು? ಕಡಿಮೆಯಾದರೆ ವಾಲಾಟ ನಿಲ್ಲದು, ಜಾಸ್ತಿಯಾದರೆ ಕ್ಲೀಟು ಕಚ್ಚದು. ಹಲಗೆ ಕೂತಮೇಲೆ ಸಂದಿಯೊಳಗೆ ಸ್ಕೇಲ್ ಹೋಗುವುದಿಲ್ಲ. ಅವ್ವ ಚಪಾತಿಗೆ ಹಿಟ್ಟು ಕಲಸಿಟ್ಟಿದ್ದಳು. ಎರಡು ಗೋಲಿಯಷ್ಟು ಕಿತ್ತುಕೊಂಡು ಬಂದು, ಪೆಡಲಿನ ಎರಡೂ ಪಕ್ಕ ಇಟ್ಟು, ಮೇಲೆ ಒಂದೊಂದು ಚೂರು ಪ್ಲಾಸ್ಟಿಕ್ ಹಾಳೆ ಹಾಕಿ, ಹಲಗೆ ಕಚ್ಚಿಸಿದೆ. ಟಕ್. ನಿಧಾನವಾಗಿ ಬಿಡಿಸಿದೆ. ಹಿಟ್ಟು ಅಪ್ಪಚ್ಚಿಯಾಗಿ ಪೆಡಲಿನ ಅಚ್ಚು ಹೊತ್ತು ಕೂತಿತ್ತು. ಬೆಂಕಿಕಡ್ಡಿ ಚುಚ್ಚಿ, ಉಗುರಿನಲ್ಲಿ ಗುರುತು ಹಿಡಿದು ಅಳೆದರೆ ಹೊರಗಡೆ 6.5, ಒಳಗಡೆ 7 ಮಿ.ಮೀ. "ತಿನ್ನೋ ಹಿಟ್ಟು ಸೈಕಲ್ಲಿಗೆ ಯಾಕೋ ಮಾರಾಯ?" ಅಂತ ಅವ್ವ. ಜೋಳದ ಹಿಟ್ಟಿನಲ್ಲೂ ಮಾಡಿ ನೋಡಿದೆ, ಅದು ಬಿರಿಯುತ್ತದೆ. ಗೋಧಿಯೇ ಸರಿ, ಸ್ವಲ್ಪ ಗಟ್ಟಿ ಕಲಸಿದ್ದಾದರೆ ಇನ್ನೂ ಒಳ್ಳೆಯದು.

ದಿಂಡಿಗೆ ಮೊದಲು ಹಳೇ ಹವಾಯಿ ಚಪ್ಪಲಿ ಕತ್ತರಿಸಿದೆ. ಒಂದೇ ದಿನದಲ್ಲಿ ಚಪ್ಪಟೆಯಾಯಿತು. ಆಮೇಲೆ ಕಾರ್ ಟೈರಿನ ತುಂಡು. ಅದನ್ನು ಕತ್ತರಿಸುವುದು ನಿಮ್ಮ ನಮ್ಮ ಚಾಕುವಿನ ಕೆಲಸವಲ್ಲ, ಚಪ್ಪಲಿ ಹೊಲಿಯುವವರ ರಂಪಿಯೇ ಬೇಕು. ಅವರೇ ನೀರು ಹಚ್ಚಿ ಹಚ್ಚಿ ಪನೀರಿನ ಹಾಗೆ ಕೊಯ್ದು ಕೊಟ್ಟರು. ಎರಡೂ ಕಡೆ ಅರ್ಧ ಮಿ.ಮೀ. ಜಾಸ್ತಿ ಇಡಿಸಿಕೊಂಡೆ, ರಬ್ಬರ್ ಸ್ವಲ್ಪ ಒತ್ತಿಕೊಂಡು ಕೂರಲಿ ಅಂತ. ಪಂಕ್ಚರ್ ಸಲ್ಯೂಷನ್ ಅಲ್ಯೂಮಿನಿಯಂ ಮೇಲೆ ಎರಡು ದಿನವೂ ನಿಲ್ಲಲಿಲ್ಲ. ಅವರ ಹಳದಿ ಅಂಟು ನಿಂತಿತು, ಆದರೆ ಏಪ್ರಿಲ್ ಬಿಸಿಲಿನಲ್ಲಿ ಸೈಕಲ್ ಒಂದು ಗಂಟೆ ನಿಂತರೆ ಶೀಟು ಮುಟ್ಟಲಾಗದಷ್ಟು ಕಾಯುತ್ತದೆ, ಅಂಟು ಮೆತ್ತಗಾಗುತ್ತದೆ. ಕೊನೆಗೆ ಅಂಟಿನ ಜೊತೆ ಎರಡೆರಡು ಸಣ್ಣ ಸ್ಕ್ರೂ, ತಲೆ ರಬ್ಬರಿನೊಳಗೆ ಮುಳುಗುವ ಹಾಗೆ.

ವಾಲಾಟ ನಿಂತಿತು. ಅಷ್ಟು ಪೂರ್ತಿ ನಿಂತಿತು ಅಂದರೆ ಮೊದಲ ಸಲ ತುಳಿದಾಗ ಸಾದಾ ಪೆಡಲೇ ಹಾಕಿದ್ದೀನಾ ಅಂತ ಬಗ್ಗಿ ನೋಡಿದೆ.

ಇನ್ನು ತಿರುಗಿ ಬೀಳುವುದು. ಅದಕ್ಕೆ ಹಲಗೆಯ ಹೊರ ಅಂಚಿನಿಂದ ಕೆಳಗೆ ಇಳಿಯುವ ಹಾಗೆ 25 ಮಿ.ಮೀ. ಅಲ್ಯೂಮಿನಿಯಂ ಆಂಗಲ್ಲಿನ (ಎಲ್ ಆಕಾರದ ಪಟ್ಟಿ) ತುಂಡು ಹಾಕಿದೆ, ಪೆಡಲಿನ ಹೊರಮೈಗೆ ಆನಿಕೊಂಡು ಕೂರುವಂತೆ. ಹಿಮ್ಮಡಿ ಹೊರಗೆ ತಿರುಗಿಸಿದರೆ ಹಲಗೆಯ ಮುಂಭಾಗ ಒಳಗೆ ಬರಬೇಕು, ಆಂಗಲ್ಲಿನ ಮುಂದಿನ ತುದಿ ಪೆಡಲಿಗೆ ಒತ್ತಿ ತಡೆಯುತ್ತದೆ. ಹಿಮ್ಮಡಿ ಒಳಗೆ ತಿರುಗಿಸಿದರೆ ಹಿಂದಿನ ತುದಿ ತಡೆಯುತ್ತದೆ. ಒಂದೇ ಪಕ್ಕ ಸಾಕು. ಒಳಪಕ್ಕ ಹಾಕಿದರೆ ಕ್ರ್ಯಾಂಕಿಗೆ ಸಿಕ್ಕಿಕೊಳ್ಳುತ್ತದೆ, ಹಾಕಲೇಬಾರದು. ಆಂಗಲ್ ಯಾವಾಗಲೂ ಅಲ್ಲೇ ಇದ್ದರೆ ಹಲಗೆ ಬಿಡಿಸುವುದು ಹೇಗೆ? ಅದರ ತೂತನ್ನು ಅರದಲ್ಲಿ ಉದ್ದ ಮಾಡಿ, ವಿಂಗ್ ನಟ್ ಹಾಕಿದೆ. ನಟ್ಟು ಎರಡು ಸುತ್ತು ಸಡಿಲಿಸಿ, ಆಂಗಲ್ ಹೊರಗೆ ಜರುಗಿಸಿ, ಹಲಗೆ ತಿರುವಿದರೆ ಬಂತು. ಎರಡೂ ಕಡೆ ಸೇರಿ ಒಂದು ನಿಮಿಷ. ಪೆಡಲಿನ ಟೆನ್ಷನ್ ಮುಟ್ಟುವಂತೆಯೇ ಇಲ್ಲ. ಸವೆದ ಹಳೇ ಕ್ಲೀಟೇ ಸಾಕಾಗುತ್ತದೆ ಕೂಡ, ಚಪ್ಪಲಿ ಕಾಲು ಹಲಗೆಯನ್ನು ಮೇಲಕ್ಕೆ ಎಳೆಯುವುದೇ ಇಲ್ಲವಲ್ಲ. ಆದರೆ ಆಂಗಲ್ ಬಂದ ಮೇಲೆ ಎಡದ್ದು ಬಲಕ್ಕೆ ಹೊಂದುವುದಿಲ್ಲ. ಅಡಿಯಲ್ಲಿ ಮಾರ್ಕರಿನಲ್ಲಿ 'ಎ', 'ಬ' ಅಂತ ಬರೆದಿದ್ದೇನೆ.

ಒಂದು ಹಲಗೆ ಕಿರಾಣಿ ಅಂಗಡಿ ತಕ್ಕಡಿಯಲ್ಲಿ ಸುಮಾರು 200 ಗ್ರಾಂ ತೂಗಿತು. ಆ ತೂಕವೇ ಕೊನೆಯ ತಲೆನೋವು. ಭಾರ ಇರುವ ಮುಖ ಕೆಳಗೆ ತಿರುಗುತ್ತದೆ, ಇದು ಎಲ್ಲರಿಗೂ ಗೊತ್ತು. ಕಾಲು ತೆಗೆದ ಕೂಡಲೇ ಹಲಗೆ ನೆಲ ನೋಡುತ್ತದೆ, ಕೊಕ್ಕೆ ಆಕಾಶ ನೋಡುತ್ತದೆ. ಮತ್ತೆ ಹೊರಡುವಾಗ ಪ್ರತಿ ಸಲ ಹೆಬ್ಬೆರಳಿನಲ್ಲಿ ಪೆಡಲ್ ಮಗುಚಬೇಕು. ಚಪ್ಪಲಿಯ ಉಂಗುಟ ಕಿತ್ತು ಬಂದಿದ್ದೂ ಇದರಿಂದಲೇ.

ಕೆಳಮುಖಕ್ಕೂ ಒಂದು ಕ್ಲೀಟ್ ಹಾಕಿ ಕಬ್ಬಿಣದ ಗಟ್ಟಿ ತೂಗುಹಾಕಿದೆ. ಹಲಗೆ ಮೇಲೆ ಬಂತು, ಬೊಂಬೆಯ ಹಾಗೆ ಎದ್ದು ನಿಂತಿತು. ಮರುದಿನ ಹದಡಿ ರಸ್ತೆಯ ಒಂದು ತಿರುವಿನಲ್ಲಿ ಆ ಗಟ್ಟಿ ರೋಡಿಗೆ ಬಡಿದು ಕಿಡಿ ಹಾರಿತು, ಸೈಕಲ್ ಹಿಂಬದಿ ಒಂದು ಗೇಣು ಜರುಗಿತು. ಎದೆ ಹೊಡೆದುಕೊಳ್ಳುವುದು ನಿಂತ ಮೇಲೆ ಗಟ್ಟಿಯನ್ನು ಅಲ್ಲೇ ಬಿಚ್ಚಿ ಚೀಲಕ್ಕೆ ಹಾಕಿದೆ. ಎರಡೂ ಮುಖಕ್ಕೆ ಹಲಗೆ ಹಾಕುವ ಯೋಚನೆಯೂ ಬಂತು. ಹಾಗೆ ಮಾಡಿ ಎರಡನ್ನೂ ಬೋಲ್ಟಿನಲ್ಲಿ ಜೋಡಿಸಿದರೆ ಕ್ಲೀಟೇ ಬೇಡ, ಪೆಡಲನ್ನು ನಡುವೆ ಹಿಡಿದು ಬಿಗಿಯಬಹುದು. ಹಾಗಾದರೆ ಪ್ರತಿ ಭಾನುವಾರ ಪಾನಾ ಹಿಡಿಯಬೇಕು. ಹೊರಟಲ್ಲಿಗೇ ಬಂದಂತಾಯಿತು.

ದಾರಿ ತೋರಿಸಿದ್ದು ರೋಡ್ ಬೈಕಿನ, ಅಂದರೆ ರೇಸ್ ಸೈಕಲ್ಲಿನ, ಪೆಡಲ್. ಮೂರು ಬೋಲ್ಟಿನ ಎಸ್‌ಪಿಡಿ-ಎಸ್‌ಎಲ್ ಪೆಡಲ್ ನೋಡಿದ್ದರೆ ಗೊತ್ತಿರುತ್ತದೆ, ಅದರ ಹಿಂಭಾಗ ಭಾರ. ಬಿಟ್ಟಾಗ ಮೂತಿ ಮೇಲೆ ಮಾಡಿ ನೇತಾಡುತ್ತದೆ, ಕಾಲ್ಬೆರಳಿನಿಂದ ಮೂತಿಯನ್ನು ಮುಂದಕ್ಕೆ ತಳ್ಳಿದರೆ ತಾನೇ ಮಲಗುತ್ತದೆ. ನಾನೂ ಹಲಗೆಯನ್ನು ಹಿಂದಕ್ಕೆ ಬೆಳೆಸಿದೆ. ಹೊಸ ತುಂಡು ಕತ್ತರಿಸಿ, ಆಕ್ಸಲ್ಲಿನಿಂದ ಮುಂದಕ್ಕೆ 40, ಹಿಂದಕ್ಕೆ 75 ಮಿ.ಮೀ. ಇಟ್ಟೆ. ಹಿಂದಿನ ಅಂಚಿನ ಅಡಿಗೆ ಡಬ್ಬಿಯಲ್ಲಿದ್ದ ಒಂದು ದಪ್ಪ ನಟ್ಟು ಬೋಲ್ಟು. ಈಗ ಕಾಲು ತೆಗೆದರೆ ಹಲಗೆ ಪೂರ್ತಿ ಬೋರಲು ಬೀಳುವುದಿಲ್ಲ, ಬಾಲ ಕೆಳಗೆ, ಮೂತಿ ಮೇಲೆ ಮಾಡಿ ಓರೆಯಾಗಿ ನಿಲ್ಲುತ್ತದೆ. ಮೂತಿಗೆ ಚಪ್ಪಲಿ ತುದಿ ತಾಗಿಸಿ ತಳ್ಳಿದರೆ ಅಂಗಾಲಿನ ಕೆಳಗೆ ಬಂದು ಮಲಗುತ್ತದೆ. ಮೂರು ದಿನದಲ್ಲಿ ಕಾಲಿಗೆ ಅಭ್ಯಾಸವಾಯಿತು. ಹಿಂದಕ್ಕೆ ಬೆಳೆದದ್ದರಿಂದ ಇನ್ನೊಂದು ಲಾಭ, ಮೆತ್ತನೆ ಚಪ್ಪಲಿಯಲ್ಲಿ ಪಾದ ಬಾಗುವುದು ಕಡಿಮೆ.

ಬಳಸಿ ಆರು ವಾರ ಆಯಿತು. ಪಿ.ಬಿ. ರಸ್ತೆಯಲ್ಲಿ ಹರಿಹರಕ್ಕೆ ಹೋಗಿ ಬಂದೆ, ಎರಡೂ ಕಡೆ ಸೇರಿ 30 ಕಿ.ಮೀ. ಹತ್ತಿರ, ತೊಂದರೆ ಇಲ್ಲ. ಸೀಟಿನಿಂದ ಎದ್ದು ನಿಂತು ತುಳಿಯುವುದಿಲ್ಲ, ನೀವೂ ತುಳಿಯಬೇಡಿ. ಇದು ಪೇಟೆಗೆ ಹೋಗಿ ಬರುವ ಹಲಗೆ, ಏರು ಹತ್ತುವ ಹಲಗೆಯಲ್ಲ. ವಾರಕ್ಕೊಮ್ಮೆ ಕ್ಲೀಟಿನ ಬೋಲ್ಟುಗಳಿಗೆ 4ರ ಅಲೆನ್ ಕೀ ಹಾಕಿ ನೋಡುತ್ತೇನೆ. ಎರಡು ಸಲ ಎಡಗಡೆಯದು ಕಾಲು ಸುತ್ತು ಸಡಿಲವಾಗಿತ್ತು. ಬೋಲ್ಟು ಸಡಿಲವಾಗದಂತೆ ಹಿಡಿಯುವ ಥ್ರೆಡ್ ಲಾಕ್ ಅಂಟು ಹಾಕಿದ ಮೇಲೆ ಆ ದೂರು ಬಂದಿಲ್ಲ. ಬೋಲ್ಟಿನ ತುದಿ ಇಣುಕಲು ಶೀಟಿನಲ್ಲಿ ಬಿಟ್ಟಿದ್ದ ತೂತಿಗೆ ಮಣ್ಣು ತುಂಬಿಕೊಳ್ಳುತ್ತದೆ, ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ತೆಗೆಯಬೇಕು.

ಲೇತಿನ ಯಜಮಾನ್ರಿಗೆ ತೋರಿಸಲು ಒಯ್ದಿದ್ದೆ. ವಿಂಗ್ ನಟ್ ಬಿಚ್ಚಿ, ಹಲಗೆ ತೆಗೆದು, ಮತ್ತೆ ಹಾಕಿ, ಮತ್ತೆ ತೆಗೆದರು. "ಚೆಂದಾಗೈತಿ. ಆದ್ರೆ ಇಷ್ಟು ದಿನ ಮಾಡೋ ಬದ್ಲು ಒಂದು ಜೊತೆ ಹೊಸ ಪೆಡಲ್ ತಗೋಬಹುದಿತ್ತಲ್ರೀ?" ಅಂದರು. ಹೂಂ ಅಂದೆ. ಅವರು ನಕ್ಕು, ತಮ್ಮ ಹಳೇ ಡ್ರಿಲ್ ಮಷೀನು ಕಡೆ ಕೈ ತೋರಿಸಿದರು. ಅದರ ಹಿಡಿಕೆಯೂ ಯಾವುದೋ ಲಾರಿಯ ಗೇರ್ ರಾಡಿನದು.

ಬಲಗಡೆಯದು ಪೂರ್ತಿ ಭಾರ ಬಿದ್ದಾಗ ಇನ್ನೂ ಕಿರ್ ಅನ್ನುತ್ತದೆ. ಆಂಗಲ್ಲು ಪೆಡಲಿಗೆ ಉಜ್ಜುವ ಸದ್ದು ಅಂತ ನನ್ನ ಅನುಮಾನ. ಆ ಜಾಗಕ್ಕೆ ಹಳೇ ಟ್ಯೂಬಿನ ತುಂಡು ಅಂಟಿಸಿದ್ದೇನೆ, ನಾಳೆ ಮಂಡಕ್ಕಿ ತರಲು ಹೋಗುವಾಗ ಗೊತ್ತಾಗುತ್ತದೆ.